ವರಯಾಡು ಎಣಿಸಲು ಹೋಗಿ ರಬ್ಬರ್ ಹಿಡಿದದ್ದು

ನನಗೆ ಕಂಡದ್ದು ಹದಿನಾಲ್ಕು. ರಾಘವೇಟ್ಟನ್ ಶೀಟಿನಲ್ಲಿ ಹದಿನೇಳು.

ಮೆಲ್ಲಗೆ ರಬ್ಬರ್ ತೆಗೆದೆ...

ಕಳೆದ ತಿಂಗಳು ತಿರುವನಂತಪುರದಿಂದ ಎರಡು ಗಂಟೆ ದೂರದ ಅಭಯಾರಣ್ಯಕ್ಕೆ ವರಯಾಡು ಗಣತಿಗೆಂದು ವಾಲಂಟಿಯರ್ ಆಗಿ ಹೋಗಿದ್ದೆ. ಕಡಿದಾದ ಬಂಡೆಗಳ ಮೇಲೆ ಬದುಕುವ ಕಾಡುಮೇಕೆ ಅದು, ಈಗ ಉಳಿದಿರುವುದೇ ಸ್ವಲ್ಪ.

ನನಗೆ ಜೊತೆಯಾದವರು ಅಲ್ಲಿನ ಹಿರಿಯ ಫಾರೆಸ್ಟ್ ವಾಚರ್ ರಾಘವೇಟ್ಟನ್. ಒಂದೇ ಬೆಟ್ಟವನ್ನು ಇಬ್ಬರೂ ಬೇರೆ ಬೇರೆಯಾಗಿ ಎಣಿಸಬೇಕು, ಒಬ್ಬರ ಶೀಟು ಇನ್ನೊಬ್ಬರು ನೋಡಬಾರದು. ಯಾಕೆ ಅಂತ ಟ್ರೈನಿಂಗಿನಲ್ಲಿ ಹೇಳಿದ್ದರಂತೆ. ಆಗ ನಾನು ಶೂ ಲೇಸಿನ ಜೊತೆ ಗುದ್ದಾಡುತ್ತಿದ್ದೆ.

ಮಧ್ಯಾಹ್ನ ಬಂಡೆಯ ಮೇಲೆ ಕೂತು ಬೇಯಿಸಿದ ಮರಗೆಣಸು ತಿಂದೆವು. ಮೊದಲು ನಾನು ತೊರೆಗಿಳಿದು ಕೈ ತೊಳೆದು ಬಂದೆ. ಆಮೇಲೆ ಅವರು ಇಳಿದರು.

ಅವರ ಶೀಟು ಅಲ್ಲೇ ಇತ್ತು. ಕಣ್ಣು ಹಾಯಿಸಿಬಿಟ್ಟೆ.

ನಾನು ತಿರುವನಂತಪುರದಲ್ಲಿ ರಾಕೆಟ್ ಭಾಗಗಳ ಇನ್ಸ್‌ಪೆಕ್ಷನ್ ಮಾಡುವವಳು. ಒಂದೇ ಪಾರ್ಟನ್ನು ಇಬ್ಬರು ಅಳೆಯುತ್ತೇವೆ, ರೀಡಿಂಗ್ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಹತ್ತೊಂಬತ್ತು ವರ್ಷದ ಅಭ್ಯಾಸ, ಕಾಡಿಗೆ ಬಂದರೆ ಬಿಟ್ಟೀತೇ?

ಇಬ್ಬರಲ್ಲಿ ಒಬ್ಬರದು ತಪ್ಪು. ಕಾಡಿನಲ್ಲೇ ಬೆಳೆದವರ ಕಣ್ಣು ತಪ್ಪುವುದುಂಟೇ? ಅಳಿಸಿ ಹದಿನೇಳು ಅಂತ ಬರೆದೆ.

ಸಂಜೆ ಕ್ಯಾಂಪಿನಲ್ಲಿ ಬಯಾಲಜಿಸ್ಟ್ ಶೀಟುಗಳನ್ನು ಓದಿದಳು. ಮೈಸೂರಿನಲ್ಲಿ ಓದಿದ ಹುಡುಗಿ, ಕನ್ನಡ ಚೆನ್ನಾಗಿ ಬರುತ್ತದೆ.

“ಮೇಡಂ ಹದಿನೇಳು. ರಾಘವೇಟ್ಟನ್ ಹದಿನಾಲ್ಕು.”

ಹೇಗೆ ಸಾಧ್ಯ? ತಿರುಗಿ ನೋಡಿದರೆ ರಾಘವೇಟ್ಟನ್ ನೆಲ ನೋಡುತ್ತಿದ್ದಾರೆ.

ತಡೆಯಲಾರದೆ ಕೇಳಿದೆ, ಎರಡೂ ತಾಳೆಯಾಗಬೇಕಲ್ಲವೇ?

“ಅಯ್ಯೋ, ಬೇಡ ಮೇಡಂ! ನಿಮಗೆ ಕಾಣದ್ದು ಅವರಿಗೆ ಕಾಣತ್ತೆ, ಅವರಿಗೆ ಕಾಣದ್ದು ನಿಮಗೆ. ಆ ವ್ಯತ್ಯಾಸ ಇಟ್ಕೊಂಡೇ ಇಬ್ಬರಿಗೂ ಕಾಣದೆ ಇರೋವು ಎಷ್ಟು ಅಂತ ಅಂದಾಜು ಮಾಡೋದು.”

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಆ ಬೆಟ್ಟದ ಲೆಕ್ಕ ನನ್ನಿಂದಾಗಿ ಸುಳ್ಳಾಗುತ್ತಿತ್ತು. ತಿದ್ದಿದ್ದನ್ನು ಹೇಳಿಬಿಟ್ಟೆ.

ರಾಘವೇಟ್ಟನ್ ನಿಧಾನಕ್ಕೆ ಕೈ ಎತ್ತಿದರು. ನಾನು ಕೈ ತೊಳೆಯಲು ಹೋದಾಗ ಅವರೂ ನನ್ನ ಶೀಟು ನೋಡಿದ್ದರು! ರಾಕೆಟ್ ಅಳೆಯುವ ಚೇಚಿಯ, ಅಂದರೆ ಈ ಅಕ್ಕನ, ಲೆಕ್ಕ ತಪ್ಪಿರಲಾರದು ಅಂತ ಬೆಟ್ಟ ಇಳಿಯುವಾಗ ತಮ್ಮ ಹದಿನೇಳನ್ನು ಅಳಿಸಿದ್ದರಂತೆ.

ಹುಡುಗಿ ನಗಲೂ ಇಲ್ಲ, ಬೈಯಲೂ ಇಲ್ಲ. ಎರಡೂ ಶೀಟಿಗೆ ಅಡ್ಡಗೆರೆ ಎಳೆದು, “ನಾಳೆ ಇನ್ನೊಂದ್ಸಲ ಹತ್ತಿ” ಅಂದಳು.

ಹತ್ತಿದೆವು. ರಬ್ಬರ್ ಕ್ಯಾಂಪಿನಲ್ಲೇ ಬಿಟ್ಟು. ಕಾಲು ಬಿದ್ದುಹೋಗುವಷ್ಟು ನೋವು, ಆದರೂ ಒಂದೊಂದು ಬಂಡೆಯ ಹಿಂದೆಯೂ ಏನಿದೆಯೋ ಎಂಬ ಕುತೂಹಲ.

ಆ ದಿನ ನನಗೆ ಕಂಡದ್ದು ಹನ್ನೊಂದು. ಹನ್ನೊಂದು ಅಂತಲೇ ಬರೆದೆ.

ರಾಘವೇಟ್ಟನ್‌ಗೆ ಎಷ್ಟು ಕಂಡವೋ, ಇವತ್ತಿಗೂ ಕೇಳಿಲ್ಲ. ನಾಲಿಗೆ ತುದಿಯಲ್ಲೇ ಇದೆ... ನೀವಾಗಿದ್ದರೆ ಕೇಳದೆ ಇರುತ್ತಿದ್ದಿರಾ?