ಹಸಿರು ಚುಕ್ಕಿಯ ಬಸವಪ್ರಸಾದ್

ಅಮೆರಿಕದ ಮನ್ರೋ ಊರಿನಲ್ಲಿ ನಮ್ಮ ಪರಿಚಯದ ಯಾವ ಕನ್ನಡದವರ ಮನೆಗೆ ಹೋಗಿ ಅಡುಗೆಮನೆಯ ಕಪಾಟು ತೆರೆದರೂ, ವಿಟಮಿನ್ ಬಾಟಲಿಗಳ ಮುಚ್ಚಳದ ಮೇಲೆ ಒಂದು ಹಸಿರು ಚುಕ್ಕಿ ಕಾಣುತ್ತಿತ್ತು. ಅಂಟಿಸಿದವರು ನನ್ನ ಗಂಡ ಬಸವಪ್ರಸಾದ್. ನಮ್ಮ ದೇಶದಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೂ ಸಸ್ಯಾಹಾರದ ಹಸಿರು ಗುರುತಿರುತ್ತದೆ, ಇಲ್ಲಿ ಇರುವುದಿಲ್ಲ. ಆ ಕೊರತೆ ನೀಗಿಸಲೆಂದೇ ಶಿವ ತಮ್ಮನ್ನು ನ್ಯೂಜೆರ್ಸಿಗೆ ಕಳಿಸಿದ್ದಾನೆ ಎಂದು ಅವರು ನಂಬಿದ್ದರು. ಅವರ ಅಂಗಿಯ ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಸ್ಟಿಕ್ಕರಿನ ಸುರುಳಿ ಇರುತ್ತಿತ್ತು.

ಅವರ ಕೆಲಸ ಕ್ರ್ಯಾನ್‌ಬರಿಯ ಒಂದು ಔಷಧ ಕಂಪನಿಯಲ್ಲಿ, ಮಾತ್ರೆ ತಯಾರಿಸುವ ವಿಭಾಗದಲ್ಲಿ. ಇಪ್ಪತ್ತೆರಡು ವರ್ಷ ಅಲ್ಲೇ. ಮಾತ್ರೆಯಲ್ಲಿ ಮದ್ದು ಚಿಟಿಕೆಯಷ್ಟೇ ಇರುತ್ತದಂತೆ; ಉಳಿದದ್ದು ಅದನ್ನು ಹಿಡಿದಿಡುವ ಬಿಳಿ ಪುಡಿ. ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸ್. ಇವರ ತಂದೆ ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದವರು. ಸಂಜೆ ಮನೆಗೆ ಬಂದರೆ ತಲೆಯ ಮೇಲಿನ ಹತ್ತಿಯ ನವಿರು ಝಾಡಿಸಿಕೊಳ್ಳದೆ ಊಟಕ್ಕೆ ಕೂರುವ ಹಾಗಿರಲಿಲ್ಲ. "ನಮ್ಮಪ್ಪನ ತಲೆ ಮೇಲಿದ್ದದ್ದೂ ಅದೇ, ನನ್ನ ಕೈಯಾಗಿರದೂ ಅದೇ. ಹತ್ತಿ ಅಂದ್ರೆ ಸೆಲ್ಯುಲೋಸ್ ಕಣ್ರೀ" ಎಂದು ಹೇಳುವಾಗ ಅವರ ಮುಖ ನೋಡಬೇಕು.

ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿಗೆ ಯಾರ ಮನೆಗೆ ಹೋದರೂ ಇದೇ ಪುರಾಣ. ನೀವು ಉಟ್ಟ ಹತ್ತಿ ಸೀರೆ ಸೆಲ್ಯುಲೋಸ್, ನಿಮ್ಮ ಕೈಯಲ್ಲಿರುವ ಪೇಪರ್ ತಟ್ಟೆ ಸೆಲ್ಯುಲೋಸ್, ತುರಿದ ಚೀಸ್ ಗಂಟು ಕಟ್ಟದಿರಲು ಹಾಕುವುದೂ ಅದೇ. ಗಿಡಮರ ನೆಟ್ಟಗೆ ನಿಂತಿರುವುದೇ ಅದರ ಬಲದಿಂದ. ಹಸು ತಿಂದರೆ ಅದರ ಹೊಟ್ಟೆಯಲ್ಲಿನ ಕಣ್ಣಿಗೆ ಕಾಣದ ಜೀವಿಗಳು ಕರಗಿಸಿಕೊಡುತ್ತವೆ, ಹಾಲಾಗುತ್ತದೆ; ನಮಗೆ ಕರಗುವುದಿಲ್ಲ, ಬೆಳಿಗ್ಗೆ ಸಲೀಸಾಗುತ್ತದೆ ಅಷ್ಟೇ. ಜನ ಅನ್ನ ಸಾರು ಹಿಡಿದುಕೊಂಡು ತಲೆದೂಗುತ್ತಿದ್ದರು. "ಡ್ಯಾಡ್, ನೋ ಒನ್ ಆಸ್ಕ್ಡ್" ಎಂದು ಮಗಳು ಅವನಿ ಗೊಣಗುತ್ತಿದ್ದಳು. ನನಗೂ ಬೇಸರವೇ, ಆದರೆ ಒಳಗೊಳಗೆ ಹೆಮ್ಮೆ. ಇಂಥ ಗಂಡ ಇರುವುದರಿಂದಲೇ ಹೆಂಗಸರ ನಡುವೆ ನನಗೊಂದು ಕುರ್ಚಿ ಸಿಗುತ್ತಿತ್ತು.

ಏಕೆಂದರೆ ಪುರಾಣದ ಕೊನೆಗೆ ಎಲ್ಲರಿಗೂ ಬೇಕಾದ ಮಾತು ಬರುತ್ತಿತ್ತು. ಕ್ಯಾಪ್ಸೂಲಿನ ಕವಚ ಎರಡು ಬಗೆ. ಒಂದು ಜೆಲಾಟಿನ್, ದನ ಹಂದಿಗಳ ಮೂಳೆ ಚರ್ಮದಿಂದ ಮಾಡಿದ್ದು. ಇನ್ನೊಂದು ಸೆಲ್ಯುಲೋಸಿನಿಂದ ಮಾಡಿದ್ದು, ನಮ್ಮಂಥವರು ನುಂಗಬಹುದಾದದ್ದು. ಬಾಟಲಿಗಳು ಮುಂದೆ ಬರುತ್ತಿದ್ದವು, ಇವರು ಓದಿ ಚುಕ್ಕಿ ಅಂಟಿಸುತ್ತಿದ್ದರು.

ಹೋದ ವರ್ಷದ ಬಸವ ಜಯಂತಿಯ ಕೂಟಕ್ಕೆ ರುದ್ರಮ್ಮನವರು ಒಂದು ಬಾಟಲಿ ತಂದರು. ಗದಗ ಕಡೆಯವರು, ಎಪ್ಪತ್ತು ದಾಟಿದವರು, ಇಲ್ಲೇ ಮಗನ ಜೊತೆ ಇದ್ದಾರೆ. ಇಲ್ಲಿಗೆ ಬಂದ ಹತ್ತು ವರ್ಷದಲ್ಲಿ ಮೊಟ್ಟೆ ಹಾಕಿರಬಹುದೆಂದು ಮೊಮ್ಮಕ್ಕಳ ಹುಟ್ಟುಹಬ್ಬದ ಕೇಕನ್ನೂ ಮುಟ್ಟಿದವರಲ್ಲ. ಡಾಕ್ಟರು ವಿಟಮಿನ್ ಬಿ ಹನ್ನೆರಡು ಕಡಿಮೆ ಇದೆ ಎಂದಿದ್ದರು. "ಪ್ರಸಾದು, ನೀ ನೋಡಿ ಹೇಳಿದ್ರ ನುಂಗ್ತೀನಿ. ಇಲ್ಲಾಂದ್ರ ಒಲ್ಲೆ" ಎಂದರು.

ಬಸವಪ್ರಸಾದ್ ಅಂದು ಹೊಸ ಜುಬ್ಬಾ ತೊಟ್ಟಿದ್ದರು. ಫೋಟೊ ತೆಗೆಯುವ ದಿನವಾದ್ದರಿಂದ ಓದುವ ಕನ್ನಡಕ ಕಾರಿನಲ್ಲೇ ಉಳಿದಿತ್ತು. ಬಾಟಲಿಯನ್ನು ಕೈಯುದ್ದ ದೂರ ಹಿಡಿದು ನೋಡಿದರು, ಕಣ್ಣರಳಿಸಿದರು. "ನೋಡಿ, ಬರ್ದಾರೆ. ಸೆಲ್ಯುಲೋಸ್" ಎಂದರು. ಸುತ್ತಲಿದ್ದವರಿಗೆಲ್ಲ ಕೇಳುವಂತೆ ಎಂದರು. ಚುಕ್ಕಿ ಬಿತ್ತು. ನಾನು ಪಕ್ಕದಲ್ಲೇ ಚಿತ್ರಾನ್ನ ಬಡಿಸುತ್ತಿದ್ದೆ.

ಜನವರಿಯ ಒಂದು ಶನಿವಾರ ಬಸವಪ್ರಸಾದ್ ಮನೆ ಮುಂದಿನ ಡ್ರೈವ್‌ವೇಯ ಹಿಮ ತೆಗೆದು ಬಂದು ಕಾಫಿ ಕುಡಿಯುತ್ತಿದ್ದಾಗ, ಅವರ ಫೋನಿಗೆ ರುದ್ರಮ್ಮನವರು ಕಳಿಸಿದ ಬಾಟಲಿಯ ಫೋಟೊ ಬಂತು. ಹಿಂದೆಯೇ ಅವರ ದನಿಯ ಸಂದೇಶ. "ಇದು ಮುಗಿಲಿಕ್ಕೆ ಬಂತಪಾ. ಮತ್ತ ಇದನ್ನ ತರಸ್ಲೇನು?" ಇವರು ಕನ್ನಡಕ ಹಾಕಿಕೊಂಡಿದ್ದರು. ಎರಡು ಬೆರಳಿನಿಂದ ಫೋಟೊ ದೊಡ್ಡದು ಮಾಡಿದರು. ಲೋಟ ಕೆಳಗಿಟ್ಟರು.

"ಸೆಲ್ಯುಲೋಸ್ ಒಳಗಿನ ಪುಡಿ ಸುಪ್ರಿಯಾ. ಅದರ ಮುಂದೆನೇ ಇನ್ನೊಂದು ಹೆಸರೈತೆ, ಜೆಲಾಟಿನ್. ಕವಚ ಅದು. ನಾನು ಅಲ್ಲೀವರೆಗೂ ಓದಲೇ ಇಲ್ಲ."

ತಮಗೆ ಪ್ರಿಯವಾದ ಹೆಸರು ಕಂಡೊಡನೆ ಅವರು ಓದುವುದನ್ನು ನಿಲ್ಲಿಸಿದ್ದರು. ಎಂಟು ತಿಂಗಳು ಆ ಹೆಂಗಸು ದಿನಕ್ಕೊಂದರಂತೆ ನುಂಗಿದ್ದರು. ಬಸವಪ್ರಸಾದರ ಕಿವಿ ಕೆಂಪಾಗಿತ್ತು. "ಈಗ್ಲೇ ಫೋನ್ ಮಾಡಿ ಹೇಳ್ತೀನಿ" ಎಂದರು.

ಫೋನನ್ನು ನಾನು ಕಸಿದುಕೊಂಡೆ. "ಸುಮ್ನಿರಿ. ಈಗ ಹೇಳಿ ಏನು ಬಂತು? ಅವರು ಊಟ ಬಿಟ್ಟು ಕೂತ್ಕೋತಾರೆ. ಇದೊಂದು ಸಲ ಹೋಗ್ಲಿ, ಮುಂದಿನ ಸಲ ಬೇರೆ ಬ್ರ್ಯಾಂಡ್ ಕೊಡಿಸಿದ್ರಾಯ್ತು." ಹೀಗೆಂದು ರುದ್ರಮ್ಮನವರ ಪ್ರಶ್ನೆಯ ಕೆಳಗೆ ನಾನೇ ಹೆಬ್ಬೆರಳೆತ್ತಿದ ಚಿತ್ರ ಒತ್ತಿ ಕಳಿಸಿದೆ. ಅವರ ಊಟದ ಚಿಂತೆ ನೆಪ. ನಾಳೆಯಿಂದ ಎಲ್ಲರ ಮನೆಯಲ್ಲೂ ಬಾಟಲಿಗಳನ್ನು ತಿರುಗಿಸಿ ನೋಡುತ್ತಾರೆ, ನನ್ನ ಕುರ್ಚಿ ಹೋಗುತ್ತದೆ ಎಂಬುದೇ ನಿಜವಾದ ಕಾರಣ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಬಸವಪ್ರಸಾದ್ ಆ ಚಿತ್ರವನ್ನು ಅಳಿಸಲಿಲ್ಲ. ಅಂದಿನಿಂದ ಸ್ಟಿಕ್ಕರ್ ಸುರುಳಿ ಜೇಬಿಗೆ ಬರಲಿಲ್ಲ, ಪುರಾಣವೂ ನಿಂತಿತು. ಯಾರಾದರೂ ಬಾಟಲಿ ತಂದರೆ "ಡಾಕ್ಟರ್‌ನ ಕೇಳಿ" ಎನ್ನುತ್ತಿದ್ದರು. ಶಿವರಾತ್ರಿಯಂದು ರುದ್ರಮ್ಮನವರು ಎದುರಿಗೆ ಬಂದಾಗ ಶೂ ಹುಡುಕುವ ನೆಪದಲ್ಲಿ ಹೊರಗೆ ಹೋದರು. ನಾನು ಮಾತ್ರ ರುದ್ರಮ್ಮನವರ ಪಕ್ಕದಲ್ಲೇ ಕೂತು ಶೇಂಗಾ ಉಂಡೆ ತಿಂದೆ.

ಏಪ್ರಿಲಿನ ಒಂದು ಭಾನುವಾರ ಬಸವಪ್ರಸಾದ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಿನ ಕೀ ತೆಗೆದುಕೊಂಡರು. "ರುದ್ರಮ್ಮನೋರಿಗೆ ಹೇಳದೇ ಈ ಸಲದ ಜಯಂತಿಗೆ ಹೋದ್ರೆ ನಾನು ಮನುಷ್ಯ ಅಲ್ಲ. ನೀನು ಬರಬೇಕು ಅಂತೇನಿಲ್ಲ" ಎಂದರು. ನಾನೂ ಹೋದೆ. ಯಾಕೆ ಹೋದೆನೆಂದು ಈಗಲೂ ತಿಳಿಯದು. ಅವರು ಅಲ್ಲಿ ನನ್ನ ಬಗ್ಗೆ ಏನು ಹೇಳುತ್ತಾರೋ ಎಂಬ ಭಯವಿತ್ತೆಂದು ಕಾಣುತ್ತದೆ.

ರುದ್ರಮ್ಮನವರು ಮೇಜಿನ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಬಸವಪ್ರಸಾದ್ ಕೂರಲಿಲ್ಲ. ನಿಂತೇ ಎಲ್ಲ ಹೇಳಿದರು, ಕನ್ನಡಕದ ಸಂಗತಿಯನ್ನೂ. ಸೊಪ್ಪು ಬಿಡಿಸುವ ಕೈ ನಿಂತಿತು. ಆ ಕೈ ಎದೆಯ ಮೇಲಿನ, ಇಷ್ಟಲಿಂಗವಿಟ್ಟ ಕರಡಿಗೆಯ ಹತ್ತಿರ ಹೋಯಿತು, ಮುಟ್ಟದೆ ಹಿಂದೆ ಬಂತು.

"ದಿನಾ ಲಿಂಗಪೂಜಿ ಮುಗಿಸಿ ಮೊದಲ ಅದನ್ನ ನುಂಗ್ತಿದ್ದೆ" ಎಂದರು. "ನಿನಗ ಯಾವಾಗ ಗೊತ್ತಾತು?" ಎಂದು ಕೇಳಿದರು.

ನಿನ್ನೆ ಎನ್ನಬಹುದಿತ್ತು. ಅನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. "ಜನವರಿಯಾಗ ಅಮ್ಮಾ" ಎಂದರು.

"ಗೊತ್ತಿಲ್ಲದ ತಿಂದದ್ದನ್ನ ಶಿವ ನೋಡ್ಕೋತಾನ. ಗೊತ್ತಾದ ಮ್ಯಾಲ ಮೂರು ತಿಂಗಳ ತಿನಿಸಿದ್ಯಲ್ಲ, ಅದನ್ನ ಯಾರು ನೋಡ್ಕೋಬೇಕು? ನಾ ಕೇಳಿದ್ದಕ್ಕ ಹೆಬ್ಬಟ್ಟು ಒತ್ತಿ ಕಳಿಸಿದ್ದಿ."

ನಾನು ಮೇಜಿನ ಮೇಲೆ ಬಿದ್ದ ಮೆಂತ್ಯದ ಕಡ್ಡಿಗಳನ್ನು ಆರಿಸತೊಡಗಿದೆ. "ಹೌದಮ್ಮಾ. ನಾನೇ ಒತ್ತಿದೆ" ಎಂದರು ಬಸವಪ್ರಸಾದ್.

ರುದ್ರಮ್ಮನವರು ಎದ್ದು ಕಪಾಟು ತೆರೆದರು. ಹಸಿರು ಚುಕ್ಕಿಯ ಬಾಟಲಿಗಳು ಇನ್ನೂ ನಾಲ್ಕಿದ್ದವು. ಒಂದೊಂದಾಗಿ ತಂದು ಮೇಜಿನ ಮೇಲಿಟ್ಟರು. ಇವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಕೈ ಚಾಚಿದರು. ರುದ್ರಮ್ಮನವರು ಬಾಟಲಿಗಳನ್ನು ನನ್ನ ಕಡೆ ಸರಿಸಿದರು.

"ಇನ್ ಮ್ಯಾಲ ನೀ ಓದವ್ವಾ ಸುಪ್ರಿಯಾ. ನೀ ಸುಳ್ಳ ಹೇಳಾಕಿ ಅಲ್ಲ."

ನಾನು ಮೊದಲನೆಯ ಬಾಟಲಿ ಎತ್ತಿಕೊಂಡು ಓದತೊಡಗಿದೆ. ಬಸವಪ್ರಸಾದ್ ಕಿಟಕಿಯ ಕಡೆ ತಿರುಗಿ ನಿಂತಿದ್ದರು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.