ಆ ಶ್ರಾವಣದಲ್ಲಿ ಇರದ ಸೀರೆ

ಶ್ರಾವಣದ ಮೊದಲ ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಾನು ಮುಧೋಳದ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಕಬ್ಬಿನ ಹಾಲಿನ ಗಾಣದ ಎಡಕ್ಕೆ, ಬೀಳಗಿಯ ಬಸ್ಸು ನಿಲ್ಲುವ ಕಂಬದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಕೈಯಲ್ಲಿ ಗ್ಲಾಸಿತ್ತು. ಒಬ್ಬ ಹೆಂಗಸು ಬಸ್ಸು ಹತ್ತಿದಳು. ಹಿಂದಿನಿಂದ ಒಬ್ಬ ಗಂಡಸು ಅವಳ ಕೈಚೀಲ ಎತ್ತಿಕೊಟ್ಟು ತಾನೂ ಹತ್ತಿದ. ನನಗೆ ಕಂಡದ್ದು ಅವಳ ಬೆನ್ನು. ಅಷ್ಟೇ.

ಶಾಂತಾ, ಆ ಹೆಂಗಸು ನೀನು ಎಂದು ನಾನು ಕೋರ್ಟಿನಲ್ಲಿ ಹೇಳಿದೆ. ಮೈಮೇಲೆ ಹಸಿರು ಸೀರೆ ಇತ್ತು, ಅದರ ಅಂಚಿಗೆ ತೆನಿ ದಡಿ ಇತ್ತು ಎಂದೂ ಹೇಳಿದೆ. ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ನಿನ್ನ ನಾಲ್ಕು ವರ್ಷದ ಮಗಳನ್ನು ನಿನ್ನಿಂದ ಬಿಡಿಸಿದರು. ಅದಾಗಿ ಹದಿನೈದು ವರ್ಷ.

ನೀನು ನನ್ನ ತಮ್ಮ ಬಸುವಿನ ಹೆಂಡತಿಯಾಗಿ ನಮ್ಮ ಬನಹಟ್ಟಿಯ ಮನೆಗೆ ಬಂದವಳು. ನಾನು ನಿನ್ನ ಭಾವ. ನಿನ್ನ ಮೇಲೆ ನನಗೆ ದ್ವೇಷವಿರಲಿಲ್ಲ. ಇದನ್ನು ಸಮಾಧಾನಕ್ಕೆ ಬರೆಯುತ್ತಿಲ್ಲ. ದ್ವೇಷವಿದ್ದಿದ್ದರೆ ನಾನೇನು ಮಾಡುತ್ತಿದ್ದೇನೆ ಎಂಬುದು ನನಗೇ ಬೇಗ ತಿಳಿಯುತ್ತಿತ್ತೇನೋ. ಏನೂ ಇಲ್ಲದೆ, ತಣ್ಣಗೆ, ಒಂದೊಂದೇ ಎಳೆ ಸೇರಿಸಿಕೊಂಡು —

ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ. ತಪ್ಪಿದ್ದರೆ ನೀನು ತಿದ್ದಬಹುದು.

ಆ ಶ್ರಾವಣದಲ್ಲಿ ನೀನು ನಿನ್ನ ತಾಯಿ ಕೈ ಮುರಿದುಕೊಂಡರೆಂದು ಬೀಳಗಿಗೆ ಹೋಗಿದ್ದೆ. ಭಾನುವಾರವೇ ಹೋದೆ ಎಂದು ನೀನು ಕೋರ್ಟಿನಲ್ಲಿ ಹೇಳಿದೆ; ನಮ್ಮ ಮನೆಯವರಾರೂ ಹೌದೆನ್ನಲಿಲ್ಲ. ಮಗಳು ಪಲ್ಲವಿಯನ್ನು ನಮ್ಮ ಅವ್ವನ ಹತ್ತಿರ ಬಿಟ್ಟಿದ್ದೆ. ಸೋಮವಾರ ಸಂಜೆ ಅವಳಿಗೆ ಜ್ವರ ಬಂತು. ಅದೇ ಸಂಜೆ ನಾನು ಚಹಾ ಕುಡಿಯುತ್ತ, ಮುಧೋಳದಲ್ಲಿ ನಿನ್ನಷ್ಟೇ ಎತ್ತರದ ಹೆಂಗಸೊಬ್ಬಳನ್ನು ಕಂಡೆ ಎಂದು ಮನೆಯಲ್ಲಿ ಸುಮ್ಮನೆ ಹೇಳಿದೆ. ನಮ್ಮ ಚನಬಸಪ್ಪ ಕಾಕಾ ಅಲ್ಲಿದ್ದರು. ಯಾರೂ ಆ ಮಾತು ಹಿಡಿಯಲಿಲ್ಲ. ಎರಡು ದಿನ ಬಿಟ್ಟು ನೀನು ಮರಳಿ ಬಂದೆ, ಎಲ್ಲವೂ ಮೊದಲಿನಂತೆ ನಡೆಯಿತು.

ಸಂಕ್ರಾಂತಿ ಕಳೆದ ಮೇಲೆ ಬಸು ನಿನ್ನ ಮೇಲೆ ಕೈ ಎತ್ತಿದ. ನೀನು ಮಗಳನ್ನು ಕರೆದುಕೊಂಡು ತವರಿಗೆ ಹೋದೆ. ಮಗು ತನಗೆ ಬೇಕೆಂದು ಬಸು ಕೋರ್ಟಿಗೆ ಹೋದ. ಅಷ್ಟು ಚಿಕ್ಕ ಹೆಣ್ಣುಮಗುವನ್ನು ತಾಯಿಯಿಂದ ಬಿಡಿಸುವುದು ಸುಲಭವಲ್ಲ ಎಂದು ವಕೀಲರು ಹೇಳಿದರು. ಆಗ ಕಾಕಾಗೆ ನನ್ನ ಚಹಾದ ಹೊತ್ತಿನ ಮಾತು ನೆನಪಾಯಿತು.

ಕಾಕಾ ಯಾರ ಮೇಲೂ ದನಿ ಎತ್ತಿದವರಲ್ಲ. ನನಗೆ ಸುಳ್ಳು ಹೇಳು ಎಂದು ಅವರು ಒಂದು ಸಲವೂ ಹೇಳಲಿಲ್ಲ. ಸಂಜೆ ಮಗ್ಗ ನಿಲ್ಲಿಸಿ ಕೈಕಾಲು ತೊಳೆದು ಬಂದರೆ, ಪಡಸಾಲೆಯಲ್ಲಿ ಕುಳಿತಿರುತ್ತಿದ್ದರು. ಪ್ರಶ್ನೆ ಮಾತ್ರ ಕೇಳುತ್ತಿದ್ದರು.

“ಮಲ್ಲೇಶಾ, ಅವತ್ತ ನೋಡಿದ್ಯಲ್ಲ, ಅಕಿ ಉಟ್ಟಿದ್ದ ಸೀರಿ ಯಾವದೋ?”

“ಲಕ್ಷ್ಯ ಕೊಡಲಿಲ್ಲರಿ ಕಾಕಾ.”

“ಹುಚ್ಚಪ್ಯಾಲಿ! ನೇಕಾರ ಅದಿ ನೀ. ಮಂದಿ ಮಾರಿ ನೋಡತಾರು, ನೇಕಾರ ದಡಿ ನೋಡತಾನು. ದಡಿ ನೋಡದ ಬಿಟ್ಟಿ ಅಂದ್ರ ನಿಮ್ಮಪ್ಪನ ಹೆಸರ ಕೆಡಿಸಿದಂಗ. ಸಾವಕಾಶ ನೆನಸ್ಕೋ, ಬರತೈತಿ.”

ಆ ಮಾತು ನನಗೆ ತಾಗಿತು. ಖರೆಯೂ ಹೌದು — ರಸ್ತೆಯಲ್ಲಿ ಹೋಗುವ ಸೀರೆಯ ದಡಿ ನೋಡಿ ಯಾರ ಮನೆಯ ಮಗ್ಗದ್ದು ಎಂದು ಹೇಳುವವರು ನಾವು. ಹಾಗಾದರೆ ಅಂದು ನಾನು ದಡಿ ನೋಡಿಯೇ ಇರಬೇಕು. ನೋಡಿ ಮರೆತಿರಬೇಕು. ಮರೆತದ್ದನ್ನು ಹುಡುಕತೊಡಗಿದೆ.

ಮೂರನೆಯ ದಿನ ಬಣ್ಣ ಬಂತು. ಹಸಿರು. ಎಲ್ಲಿಂದ ಬಂತೋ ಗೊತ್ತಿಲ್ಲ. ಮರುದಿನ ಕಾಕಾ ನೀನು ಬಿಟ್ಟುಹೋದ ಟ್ರಂಕು ತೆರೆಸಿ, ಸೀರೆಗಳನ್ನು ಜಮಖಾನೆಯ ಮೇಲೆ ಹರವಿದ್ದರು. “ಇದರಾಗ ಐತೇನ ನೋಡ,” ಎಂದರು. ಹಸಿರು ಬಣ್ಣದ್ದು ಒಂದೇ ಇತ್ತು. ಜೋಳದ ತೆನೆಗಳನ್ನು ಸಾಲಾಗಿ ನೇಯ್ದ ಹಳದಿ ದಡಿ. ನಾನೇ ನೇಯ್ದದ್ದು. ಆ ನಮೂನೆಯ ಮೊದಲ ಸೀರೆ ಎಂದು ನಾನೇ ನಿನಗೆ ಕೊಟ್ಟದ್ದು.

“ಇದ ಇರಬೇಕರಿ,” ಎಂದೆ.

“ಇರಬೇಕು ಅಂದ್ರ ಅಲ್ಲಿ ನಡೆಯಂಗಿಲ್ಲಪಾ.”

ಇನ್ನೆರಡು ವಾರಕ್ಕೆ ‘ಇರಬೇಕು’ ಹೋಗಿ ‘ಇತ್ತು’ ಆಯಿತು. ಕಣ್ಣು ಮುಚ್ಚಿದರೆ ಬಸ್ಸಿನ ಮೆಟ್ಟಿಲು ಕಾಣುತ್ತಿತ್ತು, ಮೆಟ್ಟಿಲ ಮೇಲೆ ತೆನೆಗಳು. ಆಮೇಲೆ ಬೆನ್ನು ತಿರುಗಿ ನಿನ್ನ ಮುಖವೂ ಬಂತು. ದೇವರಾಣೆಗೂ ಕಾಣುತ್ತಿತ್ತು.

ಕೋರ್ಟಿನಲ್ಲಿ ನಾನು ನಿಧಾನವಾಗಿ, ತಡವರಿಸದೆ ಹೇಳಿದೆ. ಜ್ವರದ ಮಗುವನ್ನು ಬಿಟ್ಟು, ಸೋಮವಾರ ಹನ್ನೊಂದಕ್ಕೆ, ಪರಪುರುಷನ ಜೊತೆ. ಜ್ವರ ಬಂದದ್ದು ಆ ಸಂಜೆ ಎಂಬುದನ್ನು ನುಂಗಿಕೊಂಡೆ. ನೀನು ನಿನ್ನ ವಕೀಲರ ಕಿವಿಯಲ್ಲಿ ಏನೋ ಹೇಳಿದೆ. ಅವರು ಎದ್ದು ಒಂದೇ ಪ್ರಶ್ನೆ ಕೇಳಿದರು: ಈ ತೆನಿ ದಡಿ ಆ ಶ್ರಾವಣದಲ್ಲಿ ಇತ್ತೇ?

ನಾನು “ಇತ್ತರಿ” ಎಂದೆ.

ಎಲ್ಲರೂ ನಂಬಿದರು. ನೇಯ್ದವನೇ ಹೇಳಿದ ಮೇಲೆ ಇನ್ನೇನು. ನೀನು ಮಾತ್ರ ನನ್ನನ್ನೇ ನೋಡುತ್ತಿದ್ದೆ. ಹೊರಗೆ ಜಗಲಿಯಲ್ಲಿ ನಾನು ದಾಟಿ ಹೋಗುವಾಗ ನೀನು ಮೆಲ್ಲಗೆ ಹೇಳಿದೆ: “ಭಾವಾರ, ಆ ಸೀರಿ ನೀವ ಕೊಟ್ರಿ. ದೀಪಾವಳಿಗೆ ಕೊಟ್ರಿ.” ನಾನು ನಿಲ್ಲಲಿಲ್ಲ.

ಇಷ್ಟು ವರ್ಷ ಇದನ್ನು ಹೊರಗೆ ತೆಗೆಯದೆ ಇದ್ದವನು ಈಗೇಕೆ ತೆಗೆದೆ ಎಂದು ನೀನು ಕೇಳುವೆ. ಒಂದು ಸಿನಿಮಾದಿಂದ. ಹೇಳಲು ನಾಚಿಕೆಯಾಗುತ್ತದೆ.

ಹೋದ ತಿಂಗಳು ಪಲ್ಲವಿಯ ಪರೀಕ್ಷೆ ಮುಗಿಯಿತು. ಅವಳು ಜಮಖಂಡಿಯಲ್ಲಿ ಕಾಲೇಜು ಓದುತ್ತಾಳೆ. ಮಧ್ಯಾಹ್ನದ ಆಟಕ್ಕೆ ಬರಲೇಬೇಕೆಂದು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಕಥೆ ಇಷ್ಟು: ಎದುರು ಮಹಡಿಯಿಂದ ಒಬ್ಬ ಹೆಂಗಸು ಬಿದ್ದು ಸಾಯುವುದನ್ನು ಒಬ್ಬ ನೋಡಿರುತ್ತಾನೆ. ಮೆದು ಮಾತಿನ ಡಾಕ್ಟರ್ ಒಬ್ಬರು ದಿನಾ ಅವನನ್ನು ಕೂರಿಸಿಕೊಂಡು ನೆನಪು ಮಾಡಿಸುತ್ತಾರೆ. ಬೀಳುವ ದೃಶ್ಯವನ್ನು ಮತ್ತೆ ಮತ್ತೆ ತೋರಿಸುತ್ತಾರೆ. ಮೊದಲ ಸಲ ಅವಳ ಕೈಯ ಛತ್ರಿಗೆ ಬಣ್ಣವೇ ಇಲ್ಲ. ಎರಡನೆಯ ಸಲ ಕೆಂಪು. ಮೂರನೆಯ ಸಲ ಕೆಂಪಿನ ಮೇಲೆ ಬಿಳಿ ಚುಕ್ಕೆ.

ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಏ, ಛತ್ರಿ ಬದಲಾತಲೇ! ಡೈರೆಕ್ಟರ ಮಲ್ಕೊಂಡಾನ!”

“ಛತ್ರಿ ಅಲ್ಲೋ, ನಿನ್ನ ಕಣ್ಣ ಬದಲಾಗ್ಯಾವ. ಚಾಳೀಸ ಹಾಕ್ಕೊ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಲ್ಲವಿ ನನ್ನ ಕಡೆ ಬಾಗಿ ಹೇಳಿದಳು: “ತಪ್ಪಲ್ಲ ದೊಡ್ಡಪ್ಪಾ. ಮೊದಲ ಅಂವಗ ಬಣ್ಣ ಗೊತ್ತ ಇರಲಿಲ್ಲ. ಡಾಕ್ಟರ್ ಯಾವ ಬಣ್ಣ, ಯಾವ ಬಣ್ಣ ಅಂತ ಕೇಳಿದ ಮ್ಯಾಲ ಬಂತು. ಕೇಳಿ ಕೇಳಿ ಹುಟ್ಟಿಸಾಕತ್ತಾನ.”

ಆಮೇಲೆ ಪರದೆಯ ಮೇಲೆ ಏನಾಯಿತೋ ನನಗೆ ಸರಿಯಾಗಿ ತಿಳಿಯದು. ಕೊನೆಯಲ್ಲಿ ಆ ಚುಕ್ಕೆಯ ಛತ್ರಿ ಡಾಕ್ಟರ ಕಾರಿನಲ್ಲಿ ಸಿಗುತ್ತದೆ. ಅಂಗಡಿಯ ಕಾಗದ ಕೂಡ ಬಿಚ್ಚಿರುವುದಿಲ್ಲ; ಸತ್ತವಳ ಕೈಗೆ ಅದು ಎಂದೂ ಹೋಗಿರಲಿಲ್ಲ.

ಹೊರಗೆ ಬಂದು ಗಾಡಿಯ ಹತ್ತಿರ ಮಿರ್ಚಿ ಭಜಿ ತಿನ್ನುತ್ತ ಪಲ್ಲವಿ ಇನ್ನೂ ಸಿನಿಮಾದ ಬಗ್ಗೆಯೇ ಮಾತಾಡುತ್ತಿದ್ದಳು. ಒಮ್ಮೆಲೇ ಹೇಳಿದಳು: “ನನ್ನ ನೆನಪ ಹಂಗಲ್ಲ ಬಿಡ್ರಿ. ಅಕಿ ಹೋದ ದಿನ ನನಗ ಖರೇನ ನೆನಪೈತಿ. ಮೈ ಸುಡಾಕತ್ತಿತ್ತು. ಹೊಸ್ತಿಲದಾಗ ನಿಂತ ಸೆರಗ ಹಿಡಿದಿದ್ದೆ. ಹಸರ ಸೀರಿ, ತೆನಿ ದಡಿ. ಬೆರಳ ಒಂದೊಂದ ಬಿಡಿಸಿ ಹೋದ್ಲು. ಆ ದಡಿ ಒರಟ ಒರಟ ಇತ್ತು. ಇನ್ನೂ ಗೊತ್ತಾಗತೈತಿ.” ಎಂದು ಬೆರಳು ಬೆರಳಿಗೆ ತಿಕ್ಕಿ ತೋರಿಸಿದಳು.

‘ಅಕಿ’ ಎಂದರೆ ನೀನು. ಅವ್ವ ಎಂದು ಅವಳು ನಿನ್ನನ್ನು ಕರೆಯುವುದಿಲ್ಲ. ಶಾಲೆಯ ಗೇಟಿನ ಹತ್ತಿರ ನೀನು ಬಂದು ನಿಂತಾಗಲೆಲ್ಲ ಅವಳು ನನ್ನ ಹೆಂಡತಿ ಗೌರಿಯ ಹಿಂದೆ ಅಡಗುತ್ತಿದ್ದಳಲ್ಲ, ಯಾವ ದಡಿ ಕಣ್ಣ ಮುಂದೆ ಬಂದು ಹಾಗೆ ಅಡಗುತ್ತಿದ್ದಳೆಂದು ನನಗೆ ಆ ಗಾಡಿಯ ಹತ್ತಿರ ತಿಳಿಯಿತು. ಕಾಕಾ ನನ್ನಲ್ಲಿ ನೆಟ್ಟದ್ದು ನನ್ನಲ್ಲಿ ನಿಲ್ಲಲಿಲ್ಲ. ನಾವು ದೊಡ್ಡವರು ಆ ಮಗುವಿನ ಮುಂದೆ ಅದನ್ನೇ ಆಡಿ ಆಡಿ, ಅವಳ ಬೆರಳಿಗೆ —

ಮನೆಗೆ ಬಂದು ಅಟ್ಟ ಹತ್ತಿದೆ. ದಡಿಯ ನಮೂನೆಯನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಮಗ್ಗದ ಮೇಲೆ ಕಟ್ಟುತ್ತೇವೆ, ನಿನಗೆ ಗೊತ್ತಿದೆ. ಹಳೆಯ ಕಟ್ಟುಗಳನ್ನು ನಾನು ಎಸೆದಿಲ್ಲ. ತೆನಿ ದಡಿಯ ಕಟ್ಟು ಸಿಕ್ಕಿತು. ಮೊದಲ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ ನನ್ನದೇ ಅಕ್ಷರ: ‘ತೆನಿ. ದಸರಾ ಮರುದಿನ ಹಚ್ಚಿದ್ದು.’ ಕೆಳಗೆ ಇಸವಿಯೂ ಇದೆ. ಅದೇ ವರ್ಷ.

ಶ್ರಾವಣ ಮೊದಲು, ದಸರಾ ಆಮೇಲೆ. ನಾನು ಮುಧೋಳದಲ್ಲಿ ನಿಂತ ದಿನ ಆ ದಡಿ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ಇಲ್ಲದ್ದನ್ನು ಯಾರೂ ಉಡಲಾರರು. ನಾನೂ ನೋಡಲಾರೆ.

ಇಲ್ಲಿಗೆ ನಿಲ್ಲಿಸಿದರೆ ಎಲ್ಲವೂ ಕಾಕಾನ ತಲೆಗೆ ಹೋಗುತ್ತದೆ. ಅವರು ತೀರಿಕೊಂಡು ಮೂರು ವರ್ಷವಾಯಿತು, ಬಂದು ಉತ್ತರ ಕೊಡಲಾರರು. ಆದ್ದರಿಂದ ಇನ್ನೊಂದನ್ನೂ ಬರೆಯಬೇಕು.

ನನಗೆ ಆ ಕಾರ್ಡು ಬೇಕಿರಲಿಲ್ಲ. ನಮ್ಮ ಮನೆಯಲ್ಲಿ ಹೊಸ ನಮೂನೆ ಹಚ್ಚುವುದೇ ದಸರಾದ ಮಗ್ಗದ ಪೂಜೆಯಾದ ಮರುದಿನ, ಅಪ್ಪನ ಕಾಲದಿಂದಲೂ. ನಿನ್ನ ವಕೀಲರು ಕೇಳಿದಾಗ ನನ್ನೊಳಗೆ ಒಂದು ಕ್ಷಣ ಆ ಪೂಜೆಯ ಅರಿಶಿನದ ವಾಸನೆ ಬಂತು. ಮಗ್ಗಕ್ಕೆ ಕಟ್ಟಿದ ಚೆಂಡುಹೂವು ಇನ್ನೂ ಬಾಡಿರಲಿಲ್ಲ, ಮೊದಲ ತೆನೆ ಎದ್ದು ಬಂದಿತ್ತು, ನೀನು ಪಲ್ಲವಿಯನ್ನು ಎತ್ತಿಕೊಂಡು ಬಂದು “ಛಲೋ ಆಗೈತ್ರಿ ಭಾವಾರ” ಎಂದಿದ್ದೆ. ಅಷ್ಟೂ ಒಂದೇ ಉಸಿರಿನಲ್ಲಿ ಬಂದು ಹೋಯಿತು. ಬಂದಿತ್ತು. ಆಮೇಲೆ ನಾನು “ಇತ್ತರಿ” ಎಂದೆ.

ಏಕೆಂದರೆ ನನಗೂ ಗೌರಿಗೂ ಮಕ್ಕಳಿಲ್ಲ. ಏಕೆಂದರೆ ಹಿಂದಿನ ಸಂಜೆ ಕಾಕಾ ಏಳುವ ಮುಂದೆ, “ಕೂಸು ನಿಮ್ಮ ಉಡ್ಯಾಗ ಬೆಳೀತೈತಿ, ಬಸುನ ಕೈಲೆ ಎಲ್ಲಿ ಆಕ್ಕೈತಿ,” ಎಂದು ಹೇಳಿದ್ದರು. ಹಾಗೆಯೇ ಆಯಿತು. ಬಸು ಬೇರೆ ಮದುವೆಯಾಗಿ ಬೇರೆ ಹೋದ. ಪಲ್ಲವಿ ನಮ್ಮಲ್ಲಿ ಬೆಳೆದಳು. ಮಗ್ಗದ ಸಪ್ಪಳದಲ್ಲಿ ನನ್ನ ತೊಡೆಯ ಮೇಲೆ ಮಲಗಿದಳು. ಅವಳ ಪ್ರತಿ ಹುಟ್ಟುಹಬ್ಬಕ್ಕೂ ನಾನು ಸಂತೋಷಪಟ್ಟಿದ್ದೇನೆ. ನಿನ್ನದನ್ನು ಇಟ್ಟುಕೊಂಡು ಸಂತೋಷಪಟ್ಟಿದ್ದೇನೆ.

ಗುರುವಾರ ಮಗ್ಗದ ಮೋಟಾರು ನಿಲ್ಲಿಸಿ, ಪಲ್ಲವಿಯನ್ನು ಮಗ್ಗದ ಹತ್ತಿರ ಕೂರಿಸಿ, ಕಾರ್ಡು ಅವಳ ಕೈಗೆ ಕೊಟ್ಟು ಎಲ್ಲವನ್ನೂ ಹೇಳಿದೆ. ಅಳಲಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು ಓದಿದಳು.

“ಹಂಗಾರ ನಾ ಹಿಡಿದದ್ದು ಯಾರ ಸೆರಗ, ದೊಡ್ಡಪ್ಪಾ?”

ಅಂದಿನಿಂದ ಅವಳು ನನ್ನೊಡನೆ ಮಾತಾಡಿಲ್ಲ. ನಿನ್ನೆ ಗೌರಿಯನ್ನು ಕೇಳುತ್ತಿದ್ದಳು: “ಬೀಳಗಿಗೆ ಮುಂಜಾನಿ ಬಸ್ ಎಷ್ಟಕ್ಕೈತಿ?” ಗೌರಿ ನನ್ನ ಮುಖ ನೋಡಿದಳು. ನಾನೇ ಹೇಳಿದೆ, ಎಂಟೂವರೆಗೆ ಎಂದು.

ಈ ಹಾಳೆಗಳನ್ನೂ ಕಾರ್ಡನ್ನೂ ಅವಳ ಚೀಲದಲ್ಲಿ ಇಟ್ಟಿದ್ದೇನೆ. ತೆಗೆದು ಎಸೆಯದಿದ್ದರೆ ನಿನಗೆ ಮುಟ್ಟುತ್ತವೆ. ಅವಳು ಮರಳಿ ಬರುತ್ತಾಳೋ ಇಲ್ಲವೋ — ಅದನ್ನು ಕೇಳುವ ಅಧಿಕಾರ ನನಗಿಲ್ಲ. ಇಲ್ಲಿ ಬರೆದಷ್ಟನ್ನೂ ಯಾವ ಕೋರ್ಟಿನಲ್ಲಾದರೂ, ನಿಮ್ಮ ಓಣಿಯ ಹಿರಿಯರ ಮುಂದಾದರೂ, ನೀನು ಕರೆದ ದಿನ ಬಂದು ನಿಂತು ಹೇಳುತ್ತೇನೆ. ನೀನು ಕ್ಷಮಿಸಬೇಕೆಂದು ಬರೆದದ್ದಲ್ಲ ಇದು.

ಆದರೆ ನನ್ನ ನೆನಪನ್ನೇ ನೀನು ಮತ್ತೆ ನಂಬಬೇಕು ಎಂದು ಹೇಗೆ ಹೇಳಲಿ? ಆದ್ದರಿಂದ ಕೊನೆಗೆ ಇದು. ಅಂದು ಗಾಣದ ಹತ್ತಿರ ನಾನು ಒಬ್ಬನೇ ಇರಲಿಲ್ಲ. ಮಗ್ಗದ ಮೋಟಾರು ದುರಸ್ತಿ ಮಾಡುವ ದಸ್ತಗೀರ ನನ್ನ ಬಲಗಡೆ ನಿಂತಿದ್ದ. ಸಾಮಾನು ತರಲು ಇಬ್ಬರೂ ಹೋಗಿದ್ದೆವು. ಅವನ ಹೆಸರನ್ನು ಕಾಕಾ ಕೋರ್ಟಿನಲ್ಲಿ ಬರಗೊಡಲಿಲ್ಲ. ಏಕೆ ಎಂದು ನಾನೂ ಕೇಳಲಿಲ್ಲ. ಮೊನ್ನೆ ಹೋಗಿ ಕೇಳಿದೆ. ನಾನು ಏನನ್ನೂ ನೆನಪು ಮಾಡಿಕೊಡದೆ, ಅಂದು ಏನು ಕಂಡೆ ಎಂದಷ್ಟೇ ಕೇಳಿದೆ. ಅವನು ತಕ್ಷಣ ನಕ್ಕ. “ನೀ ‘ಯಾರೋ ಏನೋ, ನಮ್ಮ ಶಾಂತಾನಷ್ಟ ಎತ್ತರ ಅದಾಳ’ ಅಂದಿ. ನಾ ಅಂದೆ, ಎತ್ತರ ಇದ್ದಾವ್ರೆಲ್ಲಾ ನಿಮ್ಮನಿ ಸೊಸಿ ಏನೋ ಮಲ್ಲೇಶಣ್ಣಾ, ಮೊದಲ ಹಾಲ ಕುಡಿ, ನೊಣಾ ಬೀಳತೈತಿ. ಅಕಿ ಮಾರಿ ನೀನೂ ನೋಡಿಲ್ಲ, ನಾನೂ ನೋಡಿಲ್ಲ.” ಸೀರೆ ಎಂಥದ್ದಿತ್ತು ಎಂದು ಕೇಳಿದೆ. “ಅದ್ಯಾರಿಗೆ ನೆನಪಿರತೈತೋ,” ಎಂದ.

ಅವನಿಗೆ ಈಗ ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಕೇಳಬೇಕು. ರಬಕವಿಯಲ್ಲಿ ಮಗನ ಸೈಕಲ್ ಅಂಗಡಿಯ ಮುಂದೆ, ಬಲಗಡೆಯ ಬೆಂಚಿನ ಮೇಲೆ ದಿನಾ ಕೂತಿರುತ್ತಾನೆ. ದಸ್ತಗೀರ. ಇನ್ನೂ ಇದ್ದಾನೆ.