ಡೇರೆಯಿಂದ ಇನ್ನೂರು ಅಡಿ

ಆಸ್ಟಿನ್ ನಗರದಲ್ಲಿರುವ ಗೆಳೆಯನ ಮನೆಯ ಊಟದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಕ್ಯಾಂಪಿಂಗಿಗೆಂದು ಯಾವುದೋ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಮುಂಚೆಯೇ ಜಾಗ ಬುಕ್ ಮಾಡಿದ್ದನ್ನು ಅವನು ಹೇಳಿಕೊಳ್ಳುತ್ತಿದ್ದ. ನಂಬರು ಹಾಕಿದ ಜಾಗ, ಪಕ್ಕದಲ್ಲೇ ನಲ್ಲಿ, ಬಾತ್‌ರೂಮು. ಅದೆಲ್ಲ ಕ್ಯಾಂಪಿಂಗೇ ಅಲ್ಲ ಎಂದುಬಿಟ್ಟೆ. ರಾಷ್ಟ್ರೀಯ ಅರಣ್ಯಕ್ಕೆ ಹೋದರೆ ಬುಕಿಂಗೂ ಬೇಡ, ಬಾಡಿಗೆಯೂ ಬೇಡ, ದಾರಿಯಿಂದ ಒಂದಷ್ಟು ಒಳಗೆ ನಡೆದು ಮನಸ್ಸಿಗೆ ಬಂದ ಕಡೆ ಡೇರೆ ಹಾಕಬಹುದು ಎಂದು, ಹತ್ತಾರು ಸಲ ಹೋಗಿ ಬಂದವನಂತೆ ವಿವರಿಸಿದೆ. ಅದನ್ನೆಲ್ಲ ಓದಿಕೊಂಡದ್ದು ಹಿಂದಿನ ದಿನ, ಪ್ಲೇನೋದಲ್ಲಿರುವ ನನ್ನ ಆಫೀಸಿನಲ್ಲಿ, ಮೀಟಿಂಗೊಂದರ ನಡುವೆ. ಹೆಂಡತಿಗೆ ಇದು ಗೊತ್ತಿತ್ತು. ಆದರೂ ನನ್ನ ಮಾನ ಕಳೆಯಲಿಲ್ಲ. ಮುಂದಿನ ತಿಂಗಳು ಇವರು ನಮ್ಮನ್ನೂ ಕರೆದುಕೊಂಡು ಹೋಗುತ್ತಾರೆ ಎಂದು ಎಲ್ಲರೆದುರು ನಗುತ್ತಾ ಹೇಳಿದಳು, ಅಷ್ಟೆ.

ಹೀಗೆ ಮಾರ್ಚ್‌ನ ಒಂದು ಶನಿವಾರ ನಾನು, ಅವಳು, ಹನ್ನೆರಡು ವರ್ಷದ ಮಗಳು ಮೆಕಿನ್ನಿಯ ನಮ್ಮ ಮನೆಯಿಂದ ಹೊರಟು, ಹ್ಯೂಸ್ಟನ್‌ನ ಉತ್ತರಕ್ಕಿರುವ ಪೈನ್ ಕಾಡು ಸೇರಿದೆವು. ಎಲ್ಲಿ ಬೇಕಾದರೂ ಇಳಿಯಬಹುದು ಎಂಬುದು ಎಷ್ಟು ದೊಡ್ಡ ಕಷ್ಟವೆಂದು ಆಗಲೇ ತಿಳಿದದ್ದು. ಒಂದು ಕಡೆ ನೆಲ ಇಳಿಜಾರು, ಇನ್ನೊಂದು ಕಡೆ ಕೆಂಪಿರುವೆಯ ಗೂಡು, ಮತ್ತೊಂದು ಕಡೆ ಒಣಗಿದ ಮರ ಮೇಲೆ ಬೀಳುವಂತಿತ್ತು. ಸಾಮಾನು ಹೊತ್ತ ಇಬ್ಬರೂ ನನ್ನ ಹಿಂದೆ ನಡೆದರು. ಕೊನೆಗೆ ಜಾಗ ಆರಿಸಿದ್ದು ನಾನಲ್ಲ, ಮಗಳು. ಇನ್ನು ಒಂದು ಹೆಜ್ಜೆಯೂ ಇಡಲಾರೆ ಎಂದು ಅವಳು ಕುಳಿತ ಕಡೆಯೇ ಡೇರೆ ಎದ್ದಿತು. ಕಾಡಿಗೆ ಒಪ್ಪಲೆಂದು ನಾನು ಹುಡುಕಿ ತಂದ ಕಡುಹಸಿರು ಡೇರೆ ಅದು.

ಬೆಳಿಗ್ಗೆ ಎದ್ದವನೇ, ಪ್ರಕೃತಿಯ ಕರೆಗೆ ಕಾಡಿನಲ್ಲಿ ಹೇಗೆ ಓಗೊಡಬೇಕೆಂದು ಇಬ್ಬರಿಗೂ ಪಾಠ ಮಾಡಿದೆ. ಡೇರೆಯಿಂದ ಇನ್ನೂರು ಅಡಿ ದೂರ ಹೋಗಬೇಕು, ಅರ್ಧ ಅಡಿ ಆಳದ ಗುಂಡಿ ತೋಡಬೇಕು, ಆಮೇಲೆ ಮಣ್ಣು ಮುಚ್ಚಬೇಕು. ಇದಕ್ಕೆಂದೇ ತಂದಿದ್ದ ಪುಟ್ಟ ಸಲಿಕೆಯನ್ನೂ ಎತ್ತಿ ತೋರಿಸಿದೆ. ಧಾರವಾಡದ ಕಡೆಯವಳಾದ ಹೆಂಡತಿ ಎಲ್ಲ ಕೇಳಿ, "ನಮ್ಮ ಕಡೆ ಇದಕ್ಕ ಬಯಲಕಡೆ ಹೋಗೋದು ಅಂತಾರ್ರಿ" ಎಂದು ಸ್ಟೌ ಹಚ್ಚಲು ಕುಳಿತಳು.

ನಾನು ಹೆಜ್ಜೆ ಎಣಿಸುತ್ತಾ ಹೊರಟೆ. ಇನ್ನೂರು ಅಡಿಯಾಯಿತು. ಆದರೆ ಪೈನ್ ಮರಗಳೆಂದರೆ ಬರೀ ಕಂಬಗಳು, ಮರೆಯೇ ಇಲ್ಲ. ಸಾಲದ್ದಕ್ಕೆ ನನ್ನದು ಕೆಂಪು ಜಾಕೆಟ್ಟು. ಇನ್ನಷ್ಟು ನಡೆದೆ, ಒಂದು ಪೊದೆಯ ಹಿಂದೆ ಹೋದೆ, ಅಲ್ಲೂ ಧೈರ್ಯ ಬರಲಿಲ್ಲ. ಮೈಸೂರಿನಲ್ಲಿ ಚಿಲಕವಿರುವ ಬಾಗಿಲ ಹಿಂದೆ ಬೆಳೆದವನು ನಾನು. ಅಂತೂ ಬಿದ್ದ ಮರವೊಂದರ ಹಿಂದೆ ಕೆಲಸ ಮುಗಿಸಿ ಎದ್ದಾಗ ಯಾವ ಕಡೆಯಿಂದ ಬಂದೆನೆಂಬುದು ಮರೆತುಹೋಗಿತ್ತು. ಹಸಿರು ಡೇರೆ ಕಾಡಿಗೆ ಚೆನ್ನಾಗಿಯೇ ಒಪ್ಪಿತ್ತು, ಎಲ್ಲೂ ಕಾಣಲಿಲ್ಲ. ಫೋನು ಅದರೊಳಗೇ ಉಳಿದಿತ್ತು. ಕೂಗೋಣವೆಂದರೆ, ಕೈಯಲ್ಲಿ ಸಲಿಕೆ ಹಿಡಿದು ಏನೆಂದು ಕೂಗುವುದು? ಇಪ್ಪತ್ತು ನಿಮಿಷ ಅಲೆದೆ. ನಾಚಿಕೆ ಹೋಗಿ ನಿಜವಾದ ಭಯ ಹತ್ತಿತು. ಇವರಿಬ್ಬರೂ ನನ್ನನ್ನು ಹುಡುಕಲು ಹೊರಟು ದಾರಿ ತಪ್ಪಿದರೆ ಏನು ಗತಿ?

ಆಗ ಎಡಗಡೆಯಿಂದ ಕುಕ್ಕರ್ ಸೀಟಿ ಕೇಳಿಸಿತು. ಕಾಡಿಗೆ ಕುಕ್ಕರ್ ಯಾರಾದರೂ ತರುತ್ತಾರೆಯೇ ಎಂದು ಹೊರಡುವಾಗ ಜಗಳವಾಡಿದ್ದವನು, ಎರಡನೆಯ ಸೀಟಿಗೆ ಓಡತೊಡಗಿದೆ.

ಡೇರೆ ಮುಂದೆ ಪೊಂಗಲ್ ಸಿದ್ಧವಾಗುತ್ತಿತ್ತು. ಹಕ್ಕಿ ನೋಡುತ್ತಾ ತಡವಾಯಿತು ಎಂದೆ. ಮಗಳು ತಲೆ ಎತ್ತದೆ, "ವಿ ಸಾ ಯೂ, ಅಪ್ಪಾ. ಟ್ವೈಸ್" ಎಂದಳು. ಕೂಗಳತೆಯಲ್ಲೇ ಎರಡು ಸಲ ಹಾದುಹೋಗಿದ್ದೆನಂತೆ. ಹಾಗಿದ್ದರೆ ಕರೆಯಬಾರದಿತ್ತೇ ಎಂದು ಹೆಂಡತಿಯನ್ನು ಕೇಳಿದೆ.

"ನೀವು ಇನ್ನೂ ಜಾಗಾ ಹುಡುಕ್ಲಿಕ್ಕತ್ತೀರಿ ಅನ್ಕೊಂಡ್ವಿರಿ," ಎಂದಳು. "ಅದಕ್ಕ ಈ ಕಡೆ ಮಾರಿ ತಿರುಗಿಸಿ ಕೂತ್ವಿ."

ಅವಳು ನಗಲಿಲ್ಲ, ಮಗಳು ಮಾತ್ರ ನಗು ತಡೆಯಲಾಗದೆ ಡೇರೆಯೊಳಗೆ ಓಡಿದಳು. ನಾನು ಎರಡು ತಟ್ಟೆ ಪೊಂಗಲ್ ತಿಂದೆ. ತಿಂಡಿಯಾದ ಮೇಲೆ ಮಗಳು ತನ್ನ ಹಳದಿ ಟವೆಲ್ಲನ್ನು ಡೇರೆಯ ಪಕ್ಕದ ಕೊಂಬೆಗೆ, ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಕಟ್ಟಿದಳು.